ಕಡಿತವಾದ ಟಿಡಿಎಸ್ ಮರಳಿ ಪಡೆಯುವ ಬಗ್ಗೆ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ಅನೇಕರು, ತಮ್ಮ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲವೆಂದು ಆದಾಯ ತೆರಿಗೆ ರಿಟರ್ನ್ (ವರ್ಷದ ಆದಾಯ, ತೆರಿಗೆಗಳ ವಿವರಪತ್ರ) ಸಲ್ಲಿಸದೆ ಬಿಡುತ್ತಾರೆ. ಆದರೆ ಕಡಿತವಾದ ಟಿಡಿಎಸ್ (ಸಂಬಳ ಅಥವಾ ಬಿಲ್ಲು ಕೊಡುವಾಗಲೇ ಹಿಡಿಯುವ ತೆರಿಗೆ) ಮರಳಿ ಬರಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು. ಮೊದಲು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಲಾಗಿನ್ ಆಗಿ 2025-26ರ ಆರ್ಥಿಕ ವರ್ಷದ ಫಾರ್ಮ್ 26ಎಎಸ್ (ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ತೆರೆದು ನೋಡಿರಿ. ಅಲ್ಲಿ ಕಲಂ (ಸೆಕ್ಷನ್) 192 ಎಂದಿದ್ದರೆ ಅದು ಸಂಬಳದ ಕಡಿತ, 194ಸಿ ಎಂದಿದ್ದರೆ ಗುತ್ತಿಗೆ ಬಿಲ್ಲಿನಲ್ಲಿ ಹಿಡಿದ ಹಣ. ಈ ವ್ಯತ್ಯಾಸವನ್ನು ಗಮನಿಸಲೇಬೇಕು, ಏಕೆಂದರೆ ಸಂಬಳದಾರರಿಗೆ ಸಾಮಾನ್ಯವಾಗಿ ಐಟಿಆರ್-1 ಎಂಬ ರಿಟರ್ನ್ ನಮೂನೆ ಸಾಕಾದರೂ, ವೆಲ್ಡಿಂಗ್, ಪೇಂಟಿಂಗ್‌ನಂಥ ಗುತ್ತಿಗೆ ಆದಾಯವನ್ನು ಅದರಲ್ಲಿ ತೋರಿಸುವಂತಿಲ್ಲ; ಸಣ್ಣ ಗುತ್ತಿಗೆದಾರರಿಗೆ ಲೆಕ್ಕಪುಸ್ತಕದ ಗೋಜಿಲ್ಲದ ಐಟಿಆರ್-4 ಅನುಕೂಲ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ಕಲಂ 87ಎ ರಿಯಾಯಿತಿಯಿಂದ ತೆರಿಗೆ ಶೂನ್ಯವಾಗುವ ಕಾರಣ, ನಮ್ಮಲ್ಲಿ ಬಹುತೇಕರಿಗೆ ಕಡಿತದ ಹಣ ಪೂರ್ತಿ ವಾಪಸ್ ಬರಬೇಕು.

ಪ್ಯಾನ್‌ಗೆ ಆಧಾರ್ ಜೋಡಣೆಯಾಗಿರಲಿ, ಬ್ಯಾಂಕ್ ಖಾತೆಯನ್ನು ಅದೇ ಜಾಲತಾಣದಲ್ಲಿ ದೃಢೀಕರಿಸಿರಿ. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿಯ ಮೂಲಕ ಇ-ವೆರಿಫೈ (ರಿಟರ್ನ್ ನಿಮ್ಮದೇ ಎಂದು ಆನ್‌ಲೈನ್‌ನಲ್ಲಿ ದೃಢೀಕರಣ) ಮಾಡುವುದನ್ನು ಮರೆಯಬಾರದು. ಸೈಬರ್ ಕೇಂದ್ರದಲ್ಲಿ ಮಾಡಿಸುವವರು ತಮ್ಮದೇ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಬೇಕು. ಬರುವ ಹಣದಲ್ಲಿ ಶೇಕಡಾವಾರು ಪಾಲು ಕೇಳುವವರಿಂದ ದೂರವಿರುವುದೇ ಲೇಸು.