ಆರೈಕೆದಾರರ ಪಾಳಿಯನ್ನು ನಾನು ಹೊಂದಿಸಿದ ಬಗೆ

ಹಿರಿಯರು ನೆರವು ಪಡೆದು ಬದುಕುವ ವಸತಿಗೃಹವೊಂದರಲ್ಲಿ ಮೊದಲು ಆರೈಕೆ ಸಹಾಯಕಿಯಾಗಿ, ಆಮೇಲೆ ಪಾಳಿಯ ಮೇಲ್ವಿಚಾರಕಿಯಾಗಿ ಕೆಲಸ ಮಾಡಿದವಳು ನಾನು. ಇಂಥ ಗೃಹ ಆಸ್ಪತ್ರೆಯಲ್ಲ. ಇಲ್ಲಿರುವವರು ತಮ್ಮಿಂದಾಗುವುದನ್ನು ತಾವೇ ಮಾಡಿಕೊಳ್ಳುತ್ತಾರೆ, ಆಗದಿದ್ದಲ್ಲಿ ನಾವು ನೆರವಾಗುತ್ತೇವೆ. ಹೇಳುವಾಗ ಸರಳವಾಗಿ ಕಾಣುವ ಈ ಏರ್ಪಾಡನ್ನು ಬೆಳಗಿನ ಪಾಳಿಯಲ್ಲಿ ಪಾಲಿಸುವುದು ಎಷ್ಟು ಕಷ್ಟವೆಂದು ಆ ಪಾಳಿ ಮಾಡಿದವರಿಗೆ ಗೊತ್ತು.

1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ, ಒಬ್ಬರು ದಿನನಿತ್ಯದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳಬಲ್ಲರೆಂದು ನೋಡುವ ಅಳತೆಪಟ್ಟಿಯಲ್ಲಿ ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ಅಂಶಗಳಿವೆ. ಹೊಸಬರು ಬಂದಾಗ ನಾವು ತುಂಬಿಸುತ್ತಿದ್ದ ಹಾಳೆಯೂ ಹೆಚ್ಚುಕಡಿಮೆ ಅದೇ ಬಗೆಯದು. ಒಬ್ಬರು ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಳ್ಳಬಲ್ಲರೇ ಎಂಬುದನ್ನು ಅದು ದಾಖಲಿಸುತ್ತದೆ. ಅದಕ್ಕೆ ಅವರಿಗೆ ಎಷ್ಟು ಹೊತ್ತು ಬೇಕೆಂಬುದನ್ನು ದಾಖಲಿಸುವುದಿಲ್ಲ. ಹೀಗಾಗಿ ಪಕ್ಕದಲ್ಲಿ ನಿಂತು ತಾಳ್ಮೆಯಿಂದ ಕಾಯುವ ಸಹಾಯಕಿ ನಿಧಾನಿ ಎನಿಸಿಕೊಳ್ಳುತ್ತಾಳೆ, ತಾನೇ ಸರಸರನೆ ತೊಡಿಸಿ ಮುಂದಿನ ಕೋಣೆಗೆ ಹೋಗುವವಳು ಚುರುಕಿನವಳೆಂದು ಹೆಸರು ಪಡೆಯುತ್ತಾಳೆ. ಸಿಬ್ಬಂದಿಯ ಮನೋಭಾವ ಸರಿಯಿಲ್ಲವೆಂದು ತರಬೇತಿ ಏರ್ಪಡಿಸುವ ವ್ಯವಸ್ಥಾಪಕರು ಮೊದಲು ನೋಡಬೇಕಾದದ್ದು ಈ ಲೆಕ್ಕಾಚಾರವನ್ನು.

ಪಾಳಿಯ ಹೊಣೆ ನನ್ನದಾದ ಮೇಲೆ ಸ್ನಾನಗಳನ್ನೆಲ್ಲ ಬೆಳಿಗ್ಗೆಯೇ ಮುಗಿಸುವ ರೂಢಿಯನ್ನು ಬಿಟ್ಟು, ಒಪ್ಪಿದವರಿಗೆ ಮಧ್ಯಾಹ್ನ ಅಥವಾ ಸಂಜೆಯ ಹೊತ್ತನ್ನು ಗೊತ್ತುಮಾಡಿದೆ. ದಿನಕ್ಕೊಬ್ಬರು ಎಂಬಂತೆ ಬದಲಾಗುತ್ತಿದ್ದ ಸಹಾಯಕರನ್ನು ಸಾಧ್ಯವಾದಷ್ಟೂ ಅದೇ ಹಿರಿಯರಿಗೆ ನಿಗದಿಪಡಿಸಿದೆ. ಪಾಳಿ ಬದಲಾಗುವಾಗ ನರ್ಸ್ ಔಷಧಿಯ ವಿವರ ಓದಿ ಹೇಳುವ ಮೊದಲೇ ಸಹಾಯಕರು ತಾವು ಕಂಡದ್ದನ್ನು ಹೇಳಬೇಕೆಂದು ನಿಯಮ ಮಾಡಿದೆ. ಇದರಿಂದ ಆದ ಲಾಭ ನಾನೆಣಿಸಿದ್ದಕ್ಕಿಂತ ದೊಡ್ಡದು: ಒಬ್ಬರ ನಡಿಗೆಯಲ್ಲಿ ಬಂದ ಸಣ್ಣ ತಡವರಿಕೆ, ಹಿಮ್ಮಡಿಯ ಮೇಲೆ ಮೂಡಿದ ಕೆಂಪು, ಊಟದ ಮೇಲಿನ ನಿರಾಸಕ್ತಿ ಇವೆಲ್ಲ ಮೊದಲು ಕಣ್ಣಿಗೆ ಬೀಳುವುದು ಪ್ರತಿದಿನ ಅವರನ್ನು ಮುಟ್ಟಿ ಎಬ್ಬಿಸುವವರಿಗೇ. ತಮ್ಮ ಮಾತು ದಾಖಲೆಗೆ ಸೇರುತ್ತದೆಂದು ತಿಳಿದ ಮೇಲೆ ಅವರು ಗಮನಿಸುವ ರೀತಿಯೇ ಬದಲಾಯಿತು.

ಹಿರಿಯರನ್ನು ಎತ್ತುವ ವಿಷಯದಲ್ಲಿ ಮಾತ್ರ ಹಳಬರ ಜತೆ ಜಗ್ಗಾಟ ನಡೆಯಿತು. "ಬಿಡಿ ಅಕ್ಕಾ, ನಾನೊಬ್ಬಳೇ ಎತ್ತುತ್ತೇನೆ" ಎನ್ನುವುದು ಅವರಿಗೆ ಹೆಮ್ಮೆಯ ಮಾತು. ಅನುಕೂಲಕರ ಸ್ಥಿತಿಯಲ್ಲೂ ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ ಸುಮಾರು 16 ಕೆ.ಜಿ. ಮೀರಬಾರದೆಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಮಿತಿ. ವಯಸ್ಕರ ಒಂದು ಕಾಲೇ ಅದರ ಹತ್ತಿರಕ್ಕೆ ಬರಬಹುದು. ಹಿರಿಯರ ಸೊಂಟಕ್ಕೆ ಕಟ್ಟಿ, ಹಿಡಿದು ಎಬ್ಬಿಸಲು ಬಳಸುವ ಪಟ್ಟಿ ಮತ್ತು ಎತ್ತುವ ಯಂತ್ರವನ್ನು ದೂರದ ಉಗ್ರಾಣದಿಂದ ಕೋಣೆಗಳ ಸಾಲಿಗೇ ತಂದಿಟ್ಟ ಮೇಲೆ ಬಳಕೆ ತಾನಾಗಿ ಹೆಚ್ಚಿತು. ಉಪದೇಶಕ್ಕಿಂತ ಈ ಸ್ಥಳಾಂತರವೇ ಕೆಲಸ ಮಾಡಿತು.

ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನಾ ಮಾಸ್ಲಾಕ್ ಅವರು 1981ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಮಾಪನದಲ್ಲಿ ವೃತ್ತಿಯ ಬಳಲಿಕೆಗೆ ಮೂರು ಮುಖಗಳಿವೆ: ಭಾವನೆ ಬತ್ತುವುದು, ಎದುರಿನವರನ್ನು ವ್ಯಕ್ತಿಯೆಂದು ಕಾಣದಿರುವುದು, ತನ್ನಿಂದೇನೂ ಆಗುತ್ತಿಲ್ಲವೆನಿಸುವುದು. ಸಹಾಯಕಿಯೊಬ್ಬಳು ಹಿರಿಯರನ್ನು ಹೆಸರಿನ ಬದಲು ಕೋಣೆಯ ಸಂಖ್ಯೆಯಿಂದ ಹೇಳತೊಡಗಿದರೆ ನಾನು ಅದನ್ನು ಒರಟುತನವೆಂದು ತಿಳಿಯದೆ ದಣಿವೆಂದೇ ತಿಳಿಯುತ್ತಿದ್ದೆ. ಮರೆವಿನ ಕಾಯಿಲೆಯುಳ್ಳವರು ಸಂಜೆಯಾಗುತ್ತಿದ್ದಂತೆ ಚಡಪಡಿಸಿ, ಕಳ್ಳಿ ಎಂದು ಬೈಯುವುದನ್ನು ದಿನವೂ ಕೇಳುವವಳಿಗೆ ಅದು ಕಾಯಿಲೆಯ ಮಾತೆಂಬ ತಿಳಿವಳಿಕೆಯಷ್ಟೇ ಸಾಲದು. ಅಂಥವರ ಆರೈಕೆಯನ್ನು ಇಬ್ಬರ ನಡುವೆ ಸರದಿಯಂತೆ ಹಂಚಿದೆ. ಪುಣ್ಯದ ಕೆಲಸವೆಂದು ಹೊಗಳುವ ಕುಟುಂಬದವರಿಗಿಂತ ಆ ಸರದಿ ಸಹಾಯಕಿಯರಿಗೆ ಹೆಚ್ಚು ಆಸರೆಯಾಯಿತು. ಹೊಗಳಿಕೆ ಸಂಬಳ ಹೆಚ್ಚಿಸುವುದಿಲ್ಲ, ರಜೆಯನ್ನೂ ಕೊಡುವುದಿಲ್ಲ.

ಒಬ್ಬರನ್ನೇ ನಿಗದಿಪಡಿಸುವ ಕ್ರಮಕ್ಕೂ ಬೆಲೆ ತೆರಬೇಕು. ಹಿರಿಯರೊಬ್ಬರು ತೀರಿಕೊಂಡಾಗ, ಅವರನ್ನು ವರ್ಷಗಟ್ಟಲೆ ನೋಡಿಕೊಂಡವಳೇ ಕೋಣೆ ಖಾಲಿ ಮಾಡಿ ಹೊಸಬರನ್ನು ಬರಮಾಡಿಕೊಳ್ಳಬೇಕೆಂಬ ರೂಢಿಯನ್ನು ನಿಲ್ಲಿಸಿ, ಆ ಕೆಲಸವನ್ನು ಬೇರೆಯವರಿಗೆ ವಹಿಸಿದೆ. ರಾತ್ರಿ ಪಾಳಿಗೆ ಮಾತ್ರ ಒಬ್ಬರನ್ನೇ ನಿಗದಿಪಡಿಸುವ ಕ್ರಮ ಒಗ್ಗಲಿಲ್ಲ. ಅಲ್ಲಿ ಜನ ಕಡಿಮೆ, ಕರೆಗಂಟೆ ಎಲ್ಲಿ ಬಾರಿಸಿದರೂ ಇದ್ದವರೇ ಓಡಬೇಕು. ಇನ್ನೊಬ್ಬರನ್ನು ನೇಮಿಸದೆ ಪಟ್ಟಿಯನ್ನು ಎಷ್ಟು ತಿದ್ದಿದರೂ ಅದು ಬಗೆಹರಿಯುವಂಥದ್ದಲ್ಲ.