ನಮ್ಮೂರಿನಲ್ಲಿ ನ್ಯಾಯಯುತ ವ್ಯಾಪಾರದ ಸರಕಿಗೆ ಕೊಳ್ಳುವವರನ್ನು ಕಟ್ಟುವ ಬಗೆ

ನ್ಯಾಯಯುತ ವ್ಯಾಪಾರವೆಂದರೆ, ಅಂದರೆ ಫೇರ್ ಟ್ರೇಡ್ ಎಂದರೆ, ತಯಾರಕರಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಎಂದಷ್ಟೇ ತಿಳಿದವರು ಬಹಳ ಮಂದಿ. ಬೆಲೆ ಅದರ ಒಂದು ಭಾಗ ಮಾತ್ರ. ವಿಶ್ವ ಫೇರ್ ಟ್ರೇಡ್ ಸಂಘಟನೆಯ ಹತ್ತು ತತ್ವಗಳ ಪ್ರಕಾರ, ಕರಕುಶಲ ವಸ್ತುಗಳಿಗೆ ಬೇಡಿಕೆ ಸಲ್ಲಿಸುವವರು, ತಯಾರಕರು ಕೇಳಿದಲ್ಲಿ, ಬೆಲೆಯ ಕನಿಷ್ಠ ಶೇ 50ರಷ್ಟನ್ನು ಬಡ್ಡಿಯಿಲ್ಲದ ಮುಂಗಡವಾಗಿ ಕೊಡಬೇಕು. ನೂಲಿಗಾಗಿ ಸಾಲ ಮಾಡಿದ ನೇಕಾರ, ಸಾಲ ಕೊಟ್ಟವನಿಗೇ ಅವನು ಹೇಳಿದ ದರಕ್ಕೆ ಬಟ್ಟೆ ಒಪ್ಪಿಸಬೇಕಾಗುವ ಸ್ಥಿತಿಯನ್ನು ಬಲ್ಲವರಿಗೆ ಈ ನಿಯಮದ ಬೆಲೆ ತಿಳಿಯುತ್ತದೆ. ಆದ್ದರಿಂದ ಊರಿನಲ್ಲಿ ಇಂಥ ಸರಕಿನ ಪ್ರಚಾರಕ್ಕೆ ಹೊರಟವರು ಕರಪತ್ರ, ಫಲಕಗಳ ಯೋಚನೆಯನ್ನು ಆಮೇಲಿಗೆ ಇಟ್ಟುಕೊಂಡು, ಮುಂಗಡ ಕೊಟ್ಟು ವರ್ಷವಿಡೀ ಕೊಳ್ಳಬಲ್ಲ ಒಂದು ಗುಂಪನ್ನು ಮೊದಲು ಕಟ್ಟುವುದು ಒಳ್ಳೆಯದು.

ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತ್ಯದ ಗಾರ್‌ಸ್ಟಾಂಗ್ ಎಂಬ ಪುಟ್ಟ ಪಟ್ಟಣ 2000ದಲ್ಲಿ ತನ್ನನ್ನು ಜಗತ್ತಿನ ಮೊದಲ ಫೇರ್ ಟ್ರೇಡ್ ಪಟ್ಟಣವೆಂದು ಘೋಷಿಸಿಕೊಂಡಿತು. ಅಲ್ಲಿನ ಕಾರ್ಯಕರ್ತರು ಶಾಲೆ, ಚರ್ಚು, ಅಂಗಡಿಗಳನ್ನು ಇಂಥ ಸರಕು ಬಳಸಲು, ಮಾರಲು ಒಂದೊಂದಾಗಿ ಒಪ್ಪಿಸಿದ್ದಲ್ಲದೆ, ದೂರದ ಕೋಕೋ ಬೆಳೆಗಾರರ ಮಾತಿನ ಜೊತೆಗೆ ಹಾಲಿಗೆ ತಕ್ಕ ಬೆಲೆ ಸಿಗದೆ ಕಂಗೆಟ್ಟಿದ್ದ ತಮ್ಮ ಸುತ್ತಲಿನ ರೈತರ ಮಾತನ್ನೂ ಎತ್ತಿದರು. ಇಂದು ಅಂಥ ಪಟ್ಟಣಗಳು 2000ಕ್ಕೂ ಹೆಚ್ಚಿವೆ. ಘೋಷಣೆಯ ಗೊಡವೆ ನಮಗೆ ಬೇಡವಾದರೂ, ಒಬ್ಬೊಬ್ಬ ಗ್ರಾಹಕನ ಬದಲು ಸಂಸ್ಥೆಗಳನ್ನು ಹಿಡಿಯುವ ಆ ಕ್ರಮ ಇಲ್ಲಿಗೂ ಹೊಂದುತ್ತದೆ.

ಮೊದಲು ಸರಕಿನ ಆಯ್ಕೆ. ಎರಡು ಮೂರು ವಸ್ತುಗಳಿಗಿಂತ ಹೆಚ್ಚು ಬೇಡ, ಅವೂ ದಿನಬಳಕೆಯವಾಗಿದ್ದರೆ ಒಳಿತು. ಗೋಡೆಗೆ ತೂಗುಹಾಕುವ ಅಲಂಕಾರದ ವಸ್ತುವನ್ನು ಒಂದು ಮನೆ ಒಮ್ಮೆ ಕೊಳ್ಳುತ್ತದೆ. ಟವೆಲ್ಲು, ಜೇನು, ಬೆಲ್ಲ, ಕಾಫಿ ಪುಡಿಗಳನ್ನು ಮತ್ತೆ ಮತ್ತೆ ಕೊಳ್ಳುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ‘ಚರಕ’ ಮಹಿಳಾ ಸಹಕಾರ ಸಂಘ ತಯಾರಿಸುವ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಂಗ್ರಹಿಸುವ ಜೇನು, ಸಂಡೂರಿನ ಲಂಬಾಣಿ ಕಸೂತಿ, ಹೀಗೆ ಹುಡುಕಿದರೆ ಪ್ರತಿ ಸೀಮೆಗೂ ಹತ್ತಿರದ್ದೊಂದು ಸಿಗುತ್ತದೆ. ಹತ್ತಿರದ್ದಾದರೆ ಹೋಗಿ ನೋಡಿಬರಬಹುದು ಎಂಬುದೇ ದೊಡ್ಡ ಅನುಕೂಲ.

ಹೋಗಿ ನೋಡಲೇಬೇಕು, ಏಕೆಂದರೆ ಪೊಟ್ಟಣದ ಮೇಲಿನ ಗುರುತುಗಳು ನಮಗೆ ಬೇಕಾದ ಸಂಗತಿಯನ್ನು ಹೇಳುವುದು ಅಪರೂಪ. ಸಿಲ್ಕ್ ಮಾರ್ಕ್ ರೇಷ್ಮೆಯ ಶುದ್ಧತೆಯನ್ನು ಖಾತರಿಪಡಿಸುತ್ತದೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಬಟ್ಟೆ ಕೈಮಗ್ಗದ್ದೆಂದು ಹೇಳುತ್ತದೆ. ಸಾವಯವ ಮುದ್ರೆ ಬೆಳೆದ ವಿಧಾನವನ್ನು ತಿಳಿಸುತ್ತದೆ. ಚನ್ನಪಟ್ಟಣದ ಗೊಂಬೆಗೆ ಇರುವ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಅದು ಯಾವ ಊರಿನದೆಂದು ಸಾರುತ್ತದೆಯೇ ಹೊರತು, ಅದನ್ನು ಕಡೆದು ಅರಗಿನ ಬಣ್ಣ ಹಚ್ಚಿದವನಿಗೆ ಎಷ್ಟು ಕೂಲಿ ಸಿಕ್ಕಿತೆಂದಲ್ಲ. ಇನ್ನೊಂದೆಡೆ, ಫೇರ್ ಟ್ರೇಡ್ ಪ್ರಮಾಣಪತ್ರದ ಶುಲ್ಕ ಮತ್ತು ಲೆಕ್ಕಪರಿಶೋಧನೆಯ ವೆಚ್ಚ ಸಣ್ಣ ಗುಂಪುಗಳ ಕೈಗೆಟುಕುವುದು ಕಷ್ಟ, ಆದ್ದರಿಂದ ಮುದ್ರೆ ಇಲ್ಲವೆಂದ ಮಾತ್ರಕ್ಕೆ ವ್ಯವಹಾರ ಸರಿಯಿಲ್ಲವೆಂದು ತೀರ್ಮಾನಿಸಲಾಗದು. ತಯಾರಕರನ್ನು ನೇರವಾಗಿ ಕೇಳಬೇಕು: ಮಾರಾಟದ ಬೆಲೆಯಲ್ಲಿ ಕೆಲಸ ಮಾಡಿದವರ ಪಾಲೆಷ್ಟು, ಹಣ ಯಾವಾಗ ಕೈಸೇರುತ್ತದೆ, ದರ ಗೊತ್ತುಮಾಡುವವರು ಯಾರು, ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿಯೇ, ಮಕ್ಕಳನ್ನು ದುಡಿಸುತ್ತಾರೆಯೇ? ಈ ಪ್ರಶ್ನೆಗಳನ್ನು ವ್ಯವಸ್ಥಾಪಕರಿಗಷ್ಟೇ ಹಾಕದೆ, ಮಗ್ಗದ ಮುಂದೆ ಕೂತವರಿಗೂ ಹಾಕಿ. ಎರಡು ಉತ್ತರಗಳು ತಾಳೆಯಾಗದಿದ್ದರೆ ಕೊಳ್ಳುವುದನ್ನು ಮುಂದೂಡುವುದೇ ಕ್ಷೇಮ.

ಬಂಡವಾಳದ ವಿಷಯದಲ್ಲಿ ಒಳ್ಳೆಯ ಉದ್ದೇಶದವರೂ ದಾರಿ ತಪ್ಪುತ್ತಾರೆ. ‘ಮಾಲು ಇಟ್ಟುಹೋಗಿ, ಮಾರಾಟವಾದ ಮೇಲೆ ಹಣ’ ಎಂಬುದು ಅಂಗಡಿಗಳ ವಾಡಿಕೆ. ಈ ವ್ಯವಸ್ಥೆಯಲ್ಲಿ ಮಾರಾಟವಾಗದ ನಷ್ಟವೆಲ್ಲ ಅದನ್ನು ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿಯಿರುವ ತಯಾರಕರ ತಲೆಗೆ ಕಟ್ಟಲ್ಪಡುತ್ತದೆ, ಮತ್ತು ಹೀಗೆ ಮಾರಿದ ಸರಕನ್ನು ನ್ಯಾಯಯುತವೆಂದು ಕರೆಯುವುದು ಸರಿಯಲ್ಲ. ಇದಕ್ಕೆ ಬದಲಾಗಿ, 20 ಮನೆಗಳು ತಲಾ 1000 ರೂಪಾಯಿ ಹಾಕಿದರೆ 20,000 ರೂಪಾಯಿಯ ಸುತ್ತುನಿಧಿಯಾಗುತ್ತದೆ, ಅಂದರೆ ಮಾರಿದ ಹಣ ಮರಳಿ ಬಂದು ಮುಂದಿನ ಖರೀದಿಗೆ ಒದಗುವ ನಿಧಿ. ಅದರಿಂದ ಸರಕನ್ನು ಪೂರ್ತಿ ಹಣ ಕೊಟ್ಟು ಕೊಂಡು, ಕಿರಾಣಿ ಅಂಗಡಿಯ ಒಂದು ಕಪಾಟಿನಲ್ಲಿಟ್ಟು, ಅಂಗಡಿಯವರಿಗೆ ಅವರ ಲಾಭಾಂಶವನ್ನು ಚೊಕ್ಕವಾಗಿ ಕೊಡಿ. ಅವರೂ ಬಾಡಿಗೆ ಕಟ್ಟಿ ಬದುಕುವವರು. ಸ್ತ್ರೀಶಕ್ತಿ ಗುಂಪುಗಳಿಗೆ ಇಂಥ ಲೆಕ್ಕ ಇಡುವ ರೂಢಿ ಮೊದಲೇ ಇರುವುದರಿಂದ ಈ ಹೊಣೆಯನ್ನು ಅವರಿಗೊಪ್ಪಿಸುವುದು ಲೇಸು. ಆಹಾರ ಪದಾರ್ಥವಾದರೆ ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೀಡುವ 14 ಅಂಕಿಗಳ ಸಂಖ್ಯೆ ಇರಬೇಕು.

ದೊಡ್ಡ ಬೇಡಿಕೆ ಬರುವುದು ಸಮಾರಂಭಗಳಿಂದ. ಮದುವೆ, ಉಪನಯನ, ಗೃಹಪ್ರವೇಶಗಳಲ್ಲಿ ಕೊಡುವ ತಾಂಬೂಲದ ಚೀಲಗಳನ್ನೇ ಗಮನಿಸಿ: ನೂರಾರು ಸಂಖ್ಯೆಯಲ್ಲಿ ಬೇಕಾಗುವ, ದಿನಾಂಕ ತಿಂಗಳುಗಳ ಮೊದಲೇ ಗೊತ್ತಿರುವ, ಯಜಮಾನರು ಮುಂಗಡ ಕೊಡಲು ಹಿಂಜರಿಯದ ಬೇಡಿಕೆ ಅದು. ಊರಿನ ಕಲ್ಯಾಣ ಮಂಟಪದವರನ್ನೂ ಅಡುಗೆಯವರನ್ನೂ ಪರಿಚಯ ಮಾಡಿಕೊಂಡರೆ ಯಾರ ಮನೆಯಲ್ಲಿ ಯಾವಾಗ ಮದುವೆ ಎಂಬುದು ತಾನಾಗಿ ತಿಳಿಯುತ್ತದೆ. ನೈಸರ್ಗಿಕ ಬಣ್ಣದ ಬಟ್ಟೆ ಮಳೆಗಾಲದಲ್ಲಿ ಒಣಗುವುದು ತಡ, ಮಗ್ಗದ ವೇಗಕ್ಕೂ ಮಿತಿಯುಂಟು. ಹೀಗಾಗಿ ದಸರಾ, ದೀಪಾವಳಿಯ ಬೇಡಿಕೆಯನ್ನು ಮುಂಗಾರಿಗೆ ಮೊದಲೇ ಕೊಡುವುದು ಉತ್ತಮ. ಕೊನೆಯ ಗಳಿಗೆಯ ಅವಸರವನ್ನು ತಯಾರಕರ ಮೇಲೆ ಹೇರುವುದೂ ಅನ್ಯಾಯದ ಒಂದು ಬಗೆ.

ಶಾಲೆಗಳಿಗೆ ಹೋಗುವಾಗ ರಾಷ್ಟ್ರಧ್ವಜದ ವಿಷಯದಿಂದ ಮಾತು ಆರಂಭಿಸಬಹುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದ ಖಾದಿ ಧ್ವಜಗಳನ್ನು ತಯಾರಿಸುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಿಂದ ತಯಾರಾದ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ಸಿಕ್ಕ ಮೇಲೆ, ಅಗ್ಗದ ಧ್ವಜಗಳೊಡನೆ ಇದು ಪೈಪೋಟಿ ನಡೆಸಬೇಕಾಗಿದೆ. ಒಂದು ಧ್ವಜದ ಹಿಂದೆ ನೂಲುವವರು, ನೇಯುವವರು, ಬಣ್ಣ ಹಾಕುವವರು, ಚಕ್ರ ಮುದ್ರಿಸುವವರು, ಹೊಲಿಯುವವರು ಎಷ್ಟು ಮಂದಿಯಿದ್ದಾರೆಂದು ಮಕ್ಕಳಿಗೆ ವಿವರಿಸಿದರೆ, ಬೆಲೆಯ ವ್ಯತ್ಯಾಸಕ್ಕೆ ಕಾರಣ ಬೇರೆ ಹೇಳಬೇಕಾಗಿಲ್ಲ.

ಈಗ ಪ್ರಚಾರದ ಭಾಷೆ. ಬಡ ನೇಕಾರರಿಗೆ ನೆರವಾಗಿ ಎಂಬ ಧಾಟಿ ಬೇಡ. ಕನಿಕರದಿಂದ ಕೊಂಡವರು ಒಮ್ಮೆ ಕೊಂಡು ಋಣ ತೀರಿತೆಂದು ಸುಮ್ಮನಾಗುತ್ತಾರೆ. ಬದಲಾಗಿ ಕಪಾಟಿನ ಪಕ್ಕದಲ್ಲಿ ಬೆಲೆಯ ವಿವರವನ್ನು ಬರೆದು ಅಂಟಿಸಿ: ನೂಲಿಗೆ ಇಷ್ಟು, ಬಣ್ಣಕ್ಕೆ ಇಷ್ಟು, ಕೂಲಿ ಇಷ್ಟು, ಸಾಗಣೆ ಇಷ್ಟು, ಅಂಗಡಿಯವರಿಗೆ ಇಷ್ಟು. ಚೌಕಾಸಿಗೆ ನಿಂತವರಿಗೆ ಆ ಪಟ್ಟಿ ತೋರಿಸಿ, ಇದರಲ್ಲಿ ಯಾರ ಪಾಲಿನಿಂದ ಕಡಿಮೆ ಮಾಡೋಣ ಎಂದು ವಿನಯದಿಂದಲೇ ಕೇಳಬಹುದು. ತಯಾರಕರ ಭಾವಚಿತ್ರ ಹಾಕುವುದಾದರೆ ಅವರ ಒಪ್ಪಿಗೆ ಪಡೆದಿರಬೇಕು. ಸರಕಿನ ಮಿತಿಯನ್ನೂ ಮುಚ್ಚಿಡಬಾರದು. ಮೊದಲ ಒಗೆತದಲ್ಲಿ ಬಣ್ಣ ಬಿಡುವ ಬಟ್ಟೆಯಾದರೆ ಬೇರೆಯಾಗಿ ಒಗೆಯಿರೆಂದು ಚೀಟಿಯಲ್ಲಿ ಬರೆದಿಡಿ.

ದೂರು ಬಂದಾಗ ಅದನ್ನು ತಯಾರಕರಿಗೆ ಸ್ಪಷ್ಟವಾಗಿ ತಲುಪಿಸಿ, ಆದರೆ ಒಪ್ಪಿದ ದರವನ್ನು ಆಮೇಲೆ ಕತ್ತರಿಸಬೇಡಿ. ಮೂರು ತಿಂಗಳಿಗೊಮ್ಮೆ ನಿಧಿಗೆ ಹಣ ಹಾಕಿದವರ ಸಭೆ ಕರೆದು ಲೆಕ್ಕ ಓದಿ. ಆ ಲೆಕ್ಕದಲ್ಲಿ ಒಟ್ಟು ಮಾರಾಟಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಎರಡನೆಯ ಸಲ ಕೊಂಡ ಮನೆಗಳೆಷ್ಟು ಎಂಬುದನ್ನು. ಎರಡು ಸುತ್ತಿನಲ್ಲೂ ಯಾರೂ ಮರಳಿ ಕೇಳದ ವಸ್ತುವನ್ನು ಕೈಬಿಡುವುದಾದರೆ, ಮುಂದಿನ ಬೇಡಿಕೆ ಇರುವುದಿಲ್ಲವೆಂದು ತಯಾರಕರಿಗೆ ಮುಂಚಿತವಾಗಿ, ಅವರು ಹೊಸ ನೂಲು ಕೊಳ್ಳುವ ಮೊದಲೇ ತಿಳಿಸಿ.