ತೋಳಿಗೆ ಪಟ್ಟಿ ಕಟ್ಟಿ ಕಟ್ಟಿ ನನಗೆ ರಕ್ತದ ದಾರಿ ಗೊತ್ತಾಯ್ತು

ನಾನು ಸ್ಟಾಫ್ ನರ್ಸ್, 14 ವರ್ಷದಿಂದ ವಾರ್ಡಲ್ಲೇ ಇದೀನಿ. ಟ್ರೇನಿಂಗ್ ಟೈಮಲ್ಲಿ ಹೃದಯದ ಪಾಠ ಪೂರ್ತಿ ಬಾಯಿಪಾಠ ಮಾಡಿದ್ದೆ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ ಅಂತ, ಚಿತ್ರ ಬರೆದು ಕೆಂಪು ನೀಲಿ ಪೆನ್ಸಿಲ್ ಹಚ್ಚಿ ಮಾರ್ಕ್ಸೂ ತಗೊಂಡಿದ್ದೆ. ಆದ್ರೆ ರಕ್ತ ನಿಜವಾಗ್ಲೂ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ವಾಪಸ್ ಹೋಗುತ್ತೆ ಅನ್ನೋದು ನನ್ನ ಬೆರಳಿಗೆ ಗೊತ್ತಾಗಿದ್ದು ಆಮೇಲೆ, ಒಬ್ರು ವಯಸ್ಸಾದ ಅಜ್ಜನ ತೋಳಿಗೆ ಕ್ಯಾನುಲಾ (ಡ್ರಿಪ್ ಕೊಡೋಕೆ ಒಳಗೆ ಕೂರಿಸೋ ಸಣ್ಣ ಕೊಳವೆ) ಹಾಕಕ್ಕೆ ಹೋದ ದಿನ.

ಅಜ್ಜನ ಕೈ ತುಂಬಾ ತೆಳು, ಮೈಯಲ್ಲಿ ನೀರಿನಂಶ ಕಮ್ಮಿಯಾಗಿತ್ತು, ಕೈ ತಣ್ಣಗೆ ಬೇರೆ ಇತ್ತು. ನಾನು ಟೂರ್ನಿಕೆಟ್ (ತೋಳಿಗೆ ಬಿಗಿಯೋ ಪಟ್ಟಿ) ಕಟ್ಟಿದೆ, ನರ ಎದ್ದು ಬರಲಿಲ್ಲ. ಇನ್ನೂ ಬಿಗಿ ಮಾಡಿದೆ, ಆಗ್ಲೂ ಬರಲಿಲ್ಲ. ಮತ್ತೂ ಬಿಗಿ ಮಾಡಿದೆ, ಅಜ್ಜ "ನೋಯ್ತದವ್ವಾ" ಅಂದ್ರು, ಬೆರಳೆಲ್ಲ ಬಿಳಿಚಿಕೊಂಡಿತ್ತು. ಅಷ್ಟರಲ್ಲಿ ಸೀನಿಯರ್ ಸಿಸ್ಟರ್ ಬಂದು ಅಜ್ಜನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೋಡಿ, "ಏನಮ್ಮಾ, ನಾಡಿನೇ ನಿಂತೋಗೋ ಹಾಗೆ ಕಟ್ಟಿದೀಯಲ್ಲ, ಒಳಗೆ ರಕ್ತ ಬರದೆ ನರ ಎಲ್ಲಿಂದ ತುಂಬ್ಬೇಕು?" ಅಂದವರೇ ಪಟ್ಟಿನ ಸಡಿಲ ಮಾಡಿದ್ರು, ಪೂರ್ತಿ ಅಲ್ಲ, ಸ್ವಲ್ಪ. ಬಿಳಿಚಿದ್ದ ಅಂಗೈ ಕೆಂಪಾಯ್ತು, ಅರ್ಧ ನಿಮಿಷದಲ್ಲಿ ಮೊಣಕೈ ಮಡಿಕೆ ಹತ್ರ ಒಂದು ನರ ನಿಧಾನಕ್ಕೆ ಉಬ್ಬಿ ಬಂತು. ಅದೇ ಪಟ್ಟಿ, ಅದೇ ಕೈ. ನಾನು ನಿಂತಲ್ಲೇ ನಿಂತು ನೋಡ್ತಾ ಇದ್ದೆ.

(ಮಾತಲ್ಲಿ ನಾವೆಲ್ಲ "ನರ ಸಿಗ್ತಿಲ್ಲ" ಅಂತೀವಿ. ಪುಸ್ತಕದಲ್ಲಿ ನರ ಅಂದ್ರೆ ಮೆದುಳಿನ ಸಂದೇಶ ಒಯ್ಯೋದು, ರಕ್ತನ ಹೃದಯಕ್ಕೆ ವಾಪಸ್ ಒಯ್ಯೋ ಕೊಳವೆಗೆ ಅಭಿಧಮನಿ ಅಂತಾರೆ. ಇಲ್ಲಿ ನಾನು ವಾರ್ಡಿನ ಭಾಷೇಲಿ ವೇನ್ ಅಂತಲೇ ಬರೀತೀನಿ, ಹೃದಯದಿಂದ ಹೊರಗೆ ತರೋದಕ್ಕೆ ಅಪಧಮನಿ.)

ಅವತ್ತು ಮನೆಗೆ ಹೋದ್ಮೇಲೂ ಅದೇ ತಲೇಲಿತ್ತು. ಸಡಿಲ ಮಾಡಿದ್ರೆ ಯಾಕೆ ತುಂಬುತ್ತೆ? ಉತ್ತರ ನಾವು ದಿನಾ ಚಾರ್ಟಲ್ಲಿ ಬರೆಯೋ ಬೀಪಿ ನಂಬರಲ್ಲೇ ಇದೆ. 120/80 ಅಂದ್ರೆ ತೋಳಿನ ದೊಡ್ಡ ಅಪಧಮನಿಯಲ್ಲಿ ಹೃದಯ ಹಿಂಡಿದಾಗ 120, ಸಡಿಲ ಬಿಟ್ಟಾಗ 80 ಮಿಲಿಮೀಟರ್ ಪಾದರಸದಷ್ಟು ಒತ್ತಡ. ಅದೇ ತೋಳಿನ ವೇನಲ್ಲಿ, ಮಲಗಿರೋವಾಗ, ಒತ್ತಡ 10ರ ಆಸುಪಾಸು ಅಷ್ಟೇ. ಪಟ್ಟಿ ಹಾಕೋ ಒತ್ತಡ ವೇನಿನ 10ಕ್ಕೂ ಅಪಧಮನಿಯ 80ಕ್ಕೂ ನಡುವೆ ಇದ್ರೆ ಅಪಧಮನಿ ತೆರೆದೇ ಇರುತ್ತೆ, ವೇನ್ ಮಾತ್ರ ಮುಚ್ಚುತ್ತೆ, ಅಂದ್ರೆ ರಕ್ತ ಕೈಗೆ ಇಳೀತಾ ಇರುತ್ತೆ ಆದ್ರೆ ಮೇಲಕ್ಕೆ ಹೋಗಕ್ಕೆ ದಾರಿ ಇಲ್ಲ, ಹಾಗಾಗಿ ಪಟ್ಟಿಯ ಕೆಳಗೆ ತುಂಬ್ಕೊಳ್ಳುತ್ತೆ. 120 ದಾಟಿಸಿ ಬಿಗಿದ್ರೆ ಬರೋ ದಾರಿನೂ ಬಂದ್, ತುಂಬಕ್ಕೆ ಏನೂ ಇಲ್ಲ. ಅಜ್ಜನ ಕೈಯಲ್ಲಿ ನಾನು ಮಾಡಿದ್ದು ಅದೇ. ಇವಾಗ ವೇನ್ ಸಿಗದೇ ಇರೋ ಪೇಶೆಂಟ್‌ಗೆ ಟೂರ್ನಿಕೆಟ್ ಬದಲು ಬೀಪಿ ಕಫ್ (ಬೀಪಿ ನೋಡೋಕೆ ಸುತ್ತೋ ಗಾಳಿ ತುಂಬೋ ಪಟ್ಟಿ) ಸುತ್ತಿ 50–60ಕ್ಕೆ ನಿಲ್ಲಿಸ್ತೀನಿ, ಬೀಪಿ ತೀರಾ ಕಮ್ಮಿ ಇರೋರಿಗೆ ಅದಕ್ಕಿಂತ ಕೆಳಗೆ. ಅಂದಾಜಿನ ಮೇಲೆ ಕಟ್ಟೋದಕ್ಕಿಂತ ಇದು ಎಷ್ಟೋ ಮೇಲು.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಇದೇ ಪಟ್ಟಿ ಕಟ್ಟಿ ಇದೇ ವ್ಯತ್ಯಾಸ ನೋಡಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪುಸ್ತಕವನ್ನೇ ಬರೆದಿದ್ರು ಅಂತ. ಬಿಗಿ ಕಟ್ಟಿದ್ರೆ ಕೈ ತಣ್ಣಗಾಗಿ ನಾಡಿ ಸಿಗಲ್ಲ, ಸ್ವಲ್ಪ ಸಡಿಲ ಮಾಡಿದ್ರೆ ಕೈ ಕೆಂಪಾಗಿ ವೇನ್‌ಗಳು ಉಬ್ತವೆ, ಹಾಗಾದ್ರೆ ರಕ್ತ ಅಪಧಮನಿಯಲ್ಲಿ ಬಂದು ವೇನಲ್ಲಿ ವಾಪಸ್ ಹೋಗ್ತಿರಬೇಕು ಅಂತ ಅವರ ವಾದ. ಅದಕ್ಕೂ ಮುಂಚೆ ಸುಮಾರು 1400 ವರ್ಷ ಯೂರೋಪಿನ ವೈದ್ಯರು ಪುರಾತನ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನೇ ನಂಬಿದ್ರು, ಊಟದಿಂದ ಪಿತ್ತಜನಕಾಂಗದಲ್ಲಿ ರಕ್ತ ತಯಾರಾಗುತ್ತೆ, ಮೈಗೆಲ್ಲ ಹೋಗಿ ಅಲ್ಲೇ ಖರ್ಚಾಗುತ್ತೆ ಅಂತ. ಹಾರ್ವೆ ಅದನ್ನ ಲೆಕ್ಕದಿಂದಲೂ ಕೆಡವಿದ್ರು. ಲೆಕ್ಕ ನೀವೂ ಮಾಡಿ ನೋಡಿ. ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿ ರಕ್ತ ಹೊರಗೆ ತಳ್ಳುತ್ತೆ, ನಿಮಿಷಕ್ಕೆ 70 ಬಡಿತ ಅಂದ್ರೆ ಹತ್ರ ಹತ್ರ 5 ಲೀಟರ್, ಗಂಟೆಗೆ 300 ಲೀಟರ್. ಇಡೀ ಮೈಯಲ್ಲಿ ಇರೋದೇ 5 ಲೀಟರ್ ರಕ್ತ! ಗಂಟೆಗೆ 300 ಲೀಟರ್ ಹೊಸ ರಕ್ತ ಯಾವ ಊಟದಿಂದಲೂ ತಯಾರಾಗಲ್ಲ. ಇದ್ದಿದ್ದೇ ಸುತ್ತಬೇಕು, ಬೇರೆ ದಾರಿನೇ ಇಲ್ಲ. ಈ ಲೆಕ್ಕ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತೆ.

ಇನ್ನೊಂದು ಪ್ರಯೋಗ ನನ್ನ ಕೈ ಮೇಲೆ ನಾನೇ ಮಾಡಿದೆ, ಪಟ್ಟಿನೂ ಬೇಡ. ಕೈನ ಸ್ವಲ್ಪ ಹೊತ್ತು ಕೆಳಗೆ ಜೋತುಬಿಟ್ಟೆ, ಹಿಂಗೈ ಮೇಲಿನ ವೇನ್‌ಗಳು ತುಂಬಿದ್ವು. ಕವಲು ಇಲ್ಲದ ಒಂದು ಉದ್ದ ವೇನ್ ಹುಡುಕಿ ಬೆರಳಿನ ಕಡೆಯ ತುದೀನ ಎಡಗೈ ತೋರುಬೆರಳಿಂದ ಒತ್ತಿ ಹಿಡಿದೆ, ಇನ್ನೊಂದು ಬೆರಳಿಂದ ಅಲ್ಲಿಂದ ಮಣಿಕಟ್ಟಿನ ಕಡೆಗೆ ರಕ್ತನ ಒರೆಸಿ ತಳ್ಳಿ, ಆ ಬೆರಳು ಎತ್ತಿಬಿಟ್ಟೆ. ವೇನ್ ಚಪ್ಪಟೆ ಆಯ್ತು, ಚಪ್ಪಟೆಯಾಗೇ ಉಳೀತು. ಮೇಲೆ ಅಷ್ಟು ರಕ್ತ ನಿಂತಿದ್ರೂ ಕೆಳಗೆ ಒಂದು ಹನಿ ಇಳಿಯಲ್ಲ, ಯಾಕಂದ್ರೆ ನಡುವೆ ಕವಾಟ ಇದೆ, ಹೃದಯದ ಕಡೆಗೆ ಮಾತ್ರ ತೆರೆಯೋ ಬಾಗಿಲು. ಒತ್ತಿ ಹಿಡಿದ ಬೆರಳು ಎತ್ತಿದ ತಕ್ಷಣ ಕೆಳಗಿಂದ ಸರ್ ಅಂತ ತುಂಬ್ಕೊಳ್ತು. (ಎಡಗೈ ಬೆರಳಲ್ಲಿ ಒತ್ತೋದ್ರಿಂದ ನೋಡೋದು ಬಲಗೈ ವೇನ್, ಒರೆಸೋಕೆ ಎಡಗೈನದ್ದೇ ಇನ್ನೊಂದು ಬೆರಳು ಸಾಕು.) ಎಲ್ಲರ ಕೈಯಲ್ಲೂ ಮೊದಲನೇ ಸಲಕ್ಕೆ ಕಾಣಲ್ಲ, ಎರಡು ಮೂರು ವೇನ್ ನೋಡಬೇಕು.

ಈ ಕವಾಟ ಗೊತ್ತಾದ್ಮೇಲೆ ನನ್ನ ಕೆಲಸವೇ ಬದಲಾಯ್ತು. ಕ್ಯಾನುಲಾ ಒಳಗೆ ಹೋಗಿ ರಕ್ತ ಕಾಣಿಸಿಕೊಂಡಿರುತ್ತೆ, ಆದ್ರೆ ಮುಂದಕ್ಕೆ ಜಾರಲ್ಲ, ಎಲ್ಲೋ ತಡೀತದೆ. ಮುಂಚೆ ಬಲವಂತ ಮಾಡ್ತಿದ್ದೆ, ವೇನ್ ಒಡೆದು ಊದ್ಕೊಳ್ತಿತ್ತು. ಎಷ್ಟೋ ಸಲ ಅಲ್ಲಿ ಅಡ್ಡ ಬಂದಿರೋದು ಕವಾಟ. ಈಗ ಚುಚ್ಚೋಕೆ ಮುಂಚೆ ವೇನ್ ಉದ್ದಕ್ಕೂ ಬೆರಳಾಡಿಸ್ತೀನಿ, ಸಣ್ಣ ಗಂಟಿನ ಥರ ಸಿಕ್ಕಿದ್ರೆ ಅದರ ಪಕ್ಕಕ್ಕೆ ಹೋಗಲ್ಲ. ಕಣ್ಣಿಗಿಂತ ಬೆರಳನ್ನ ನಂಬ್ತೀನಿ: ವೇನ್ ಒತ್ತಿದ್ರೆ ಮೆತ್ತಗೆ ಪುಟಿಯುತ್ತೆ, ಅಪಧಮನಿ ಆದ್ರೆ ಬಡೀತಾ ಇರುತ್ತೆ, ಬಡಿಯೋದನ್ನ ಮುಟ್ಟೋದೇ ಬೇಡ. ನೀಲಿ ಕಾಣೋದಕ್ಕೂ ಮೋಸ ಹೋಗಬಾರದು, ವೇನಿನ ರಕ್ತ ನೀಲಿ ಅಲ್ಲ, ಸಿರಿಂಜಿಗೆ ಬಂದಾಗ ನೋಡಿ, ಕಪ್ಪಗೆಂಪು. ಚರ್ಮದ ಮೂಲಕ ಬೆಳಕು ಹೋಗಿ ಬರೋ ರೀತಿಯಿಂದ ಹಾಗೆ ಕಾಣೋದು.

ಹಾಗಿದ್ರೆ ಅಪಧಮನಿಯಿಂದ ವೇನಿಗೆ ರಕ್ತ ದಾಟೋದು ಎಲ್ಲಿ? ಇದು ಹಾರ್ವೆಗೂ ಕಣ್ಣಿಗೆ ಕಂಡಿರಲಿಲ್ಲ. ಅವರು ತೀರಿಕೊಂಡಿದ್ದು 1657ರಲ್ಲಿ, ನಾಲ್ಕು ವರ್ಷ ಕಳೆದು 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ ಲೋಮನಾಳಗಳನ್ನ, ಅಂದ್ರೆ ಅಪಧಮನಿನ ವೇನಿಗೆ ಸೇರಿಸೋ ಸಣ್ಣ ಸಣ್ಣ ಕೊಳವೆಗಳನ್ನ ಕಂಡರು. ಎಷ್ಟು ಸಪೂರ ಅಂದ್ರೆ ಒಂದು ಕೆಂಪು ರಕ್ತಕಣ ಮೈ ಬಗ್ಗಿಸ್ಕೊಂಡು, ಒಂದರ ಹಿಂದೆ ಒಂದು ಸಾಲಾಗಿ ನುಸುಳಬೇಕು. ಆಕ್ಸಿಜನ್ ಬಿಟ್ಟುಕೊಡೋದು ಅಲ್ಲೇ. ಪೇಶೆಂಟಿನ ಉಗುರು ಒತ್ತಿ ಬಿಟ್ಟು ಎರಡು ಸೆಕೆಂಡಲ್ಲಿ ಬಣ್ಣ ವಾಪಸ್ ಬರುತ್ತಾ ಅಂತ ನಾವು ನೋಡೋದೂ ಈ ಲೋಮನಾಳಗಳನ್ನೇ.

ಮೊಣಕೈ ವೇನಿಗೆ ಇಂಜೆಕ್ಷನ್ ಕೊಟ್ರೆ ಅದು ಎಲ್ಲಿಗೆ ಹೋಗುತ್ತೆ ಅನ್ನೋದು ನನಗೆ ಯಾವಾಗಲೂ ಇಷ್ಟದ ವಿಷಯ. ಹಿಂದೆ ವೈದ್ಯರು ವೇನಿಗೆ ಸ್ಯಾಕರಿನ್ ಥರದ್ದು ಕೊಟ್ಟು ನಾಲಿಗೆಗೆ ಸಿಹಿ ಯಾವಾಗ ಗೊತ್ತಾಗುತ್ತೆ ಅಂತ ಗಡಿಯಾರ ಹಿಡಿದು ಕಾಯ್ತಿದ್ರು. ಆರೋಗ್ಯವಂತರಿಗೆ ಸುಮಾರು 10ರಿಂದ 15 ಸೆಕೆಂಡು. ಅಷ್ಟರಲ್ಲಿ ಅದು ತೋಳಿಂದ ಎದೆಗೆ ಬಂದು, ಹೃದಯದ ಬಲಭಾಗ ಹೊಕ್ಕು, ಶ್ವಾಸಕೋಶ ಸುತ್ತಿ, ಎಡಭಾಗಕ್ಕೆ ಬಂದು, ಮಹಾಪಧಮನಿಯಿಂದ ಕುತ್ತಿಗೆ ಹತ್ತಿ ನಾಲಿಗೆಗೆ ಮುಟ್ಟಿರುತ್ತೆ. ಬಾಯಿ ಇರೋದು ತೋಳಿನ ಪಕ್ಕದಲ್ಲೇ ಆದ್ರೂ ಅಡ್ಡದಾರಿ ಇಲ್ಲ, ಶ್ವಾಸಕೋಶ ಸುತ್ತಿಕೊಂಡೇ ಬರಬೇಕು. ಹೃದಯ ಸೋತಿರೋರಲ್ಲಿ ಈ ಟೈಮ್ ಜಾಸ್ತಿ ಆಗ್ತಿತ್ತು.

ಹೃದಯ ಸೋಲೋದು ಅಂದ್ರೆ ಏನು ಅಂತನೂ ಪಟ್ಟಿಯಿಂದಲೇ ನನಗೆ ಅರ್ಥ ಆಗಿದ್ದು. ಹೃದಯ ಒಂದು ಪಂಪ್ ಅಲ್ಲ, ಒಂದರ ಹಿಂದೆ ಒಂದು ಕೂತಿರೋ ಎರಡು ಪಂಪು. ಬಲದ್ದು ಶ್ವಾಸಕೋಶಕ್ಕೆ ತಳ್ಳುತ್ತೆ, ಹತ್ರದ ದಾರಿ, 25ರಷ್ಟು ಒತ್ತಡ ಸಾಕು. ಎಡದ್ದು ಇಡೀ ಮೈಗೆ ತಳ್ಳಬೇಕು, 120, ಅದಕ್ಕೇ ಅದರ ಗೋಡೆ ಅಷ್ಟು ದಪ್ಪ. ಆದ್ರೆ ಎರಡೂ ನಿಮಿಷಕ್ಕೆ ಒಂದೇ ಪ್ರಮಾಣ ತಳ್ಳಬೇಕು, ಒಂದು ಹಿಂದೆ ಬಿದ್ರೂ ಅದರ ಹಿಂದುಗಡೆ ರಕ್ತ ನಿಲ್ಲುತ್ತೆ, ಪಟ್ಟಿ ಕೆಳಗೆ ನಿಂತ ಹಾಗೆ. ಎಡಭಾಗ ಸೋತ್ರೆ ಹಿಂದಿರೋದು ಶ್ವಾಸಕೋಶ, ಅಲ್ಲಿ ತುಂಬುತ್ತೆ, ಅಂಥ ಪೇಶೆಂಟ್ ಅಂಗಾತ ಮಲಗಕ್ಕೇ ಆಗಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ಕೂತು "ಸಿಸ್ಟರ್, ಇನ್ನೊಂದು ದಿಂಬು ಕೊಡಿ" ಅಂತಾರೆ. ಆ ಮಾತು ಕೇಳಿದ್ರೆ ನಾನು ದಿಂಬು ಕೊಟ್ಟು ಕೂರಿಸಿ ಆಕ್ಸಿಜನ್ ಮಟ್ಟ ನೋಡಿ ತಕ್ಷಣ ಡಾಕ್ಟರಿಗೆ ಫೋನ್ ಮಾಡ್ತೀನಿ, ಬೆಳಗಿನ ರೌಂಡ್ಸ್‌ವರೆಗೆ ಕಾಯಲ್ಲ. ಬಲಭಾಗ ಸೋತ್ರೆ ಹಿಂದಿರೋದು ಇಡೀ ಮೈಯ ವೇನ್‌ಗಳು, ಕಾಲು ಊದುತ್ತೆ, ಪಾದದ ಹತ್ರ ಬೆರಳಿಂದ ಒತ್ತಿದ್ರೆ ಗುಳಿ ಬಿದ್ದು ಹಾಗೇ ಉಳಿಯುತ್ತೆ, ಕುತ್ತಿಗೆಯ ವೇನ್ ಒರಗಿ ಕೂತಿದ್ರೂ ತುಂಬಿ ನಿಂತಿರುತ್ತೆ. ಕಾಲು ಊದೋಕೆ ಬೇರೆ ಕಾರಣನೂ ಇರ್ತವೆ, ಹಾಗಾಗಿ ಕಾಲು ನೋಡಿದ್ಮೇಲೆ ಕುತ್ತಿಗೆ ನೋಡದೆ ನಾನು ಬಿಡಲ್ಲ.

ಈಗ ಹೊಸ ಹುಡುಗೀರು ಪೋಸ್ಟಿಂಗಿಗೆ ಬಂದಾಗ ಮೊದಲು ಅವರವರ ಹಿಂಗೈಯಲ್ಲೇ ಆ ಕವಾಟದ ಪ್ರಯೋಗ ಮಾಡಿಸ್ತೀನಿ. ಆಮೇಲೆ ಟೂರ್ನಿಕೆಟ್: ಚುಚ್ಚೋ ಜಾಗದಿಂದ ನಾಲ್ಕು ಬೆರಳು ಮೇಲೆ ಕಟ್ಟಬೇಕು, ಕಟ್ಟುವಾಗ ಇನ್ನೊಂದು ಕೈ ಪೇಶೆಂಟಿನ ನಾಡಿ ಮೇಲೆ ಇರಲಿ, ನಾಡಿ ಸಿಗ್ತಾ ಇರಬೇಕು, ಒಂದು ನಿಮಿಷಕ್ಕಿಂತ ಜಾಸ್ತಿ ಬಿಡಬಾರದು, ಮುಷ್ಟಿನ ಪದೇ ಪದೇ ಬಿಚ್ಚಿ ಮುಚ್ಚಿ ಅಂತ ಹೇಳಬಾರದು, ಹಾಗೆ ಮಾಡಿದ್ರೆ ರಕ್ತ ಪರೀಕ್ಷೇಲಿ ಪೊಟ್ಯಾಸಿಯಂ ಸುಮ್ಮನೆ ಜಾಸ್ತಿ ಬರುತ್ತೆ. ವೇನ್ ಸಿಗದಿದ್ರೆ ಕೈ ಕೆಳಗೆ ಜೋತುಬಿಟ್ಟು, ಬೆಚ್ಚಗೆ ಬಟ್ಟೆ ಸುತ್ತಿ ಕಾಯಿರಿ. ಮತ್ತೆ ಸೂಜಿ ಹೊರಗೆ ತೆಗೆಯೋಕೆ ಮುಂಚೆ ಪಟ್ಟಿ ಬಿಚ್ಚಲೇಬೇಕು. ಹೋದ ವಾರ ಒಬ್ಬಳು ಮರೆತಳು, ಸೂಜಿ ಬಂದ ಜಾಗದಿಂದ ರಕ್ತ ಹರಿದು ಬೆಡ್‌ಶೀಟೆಲ್ಲ ಆಯ್ತು, ಹುಡುಗಿ ಗಾಬರಿಯಾದ್ಲು. ನಾನು ಹತ್ತಿ ಒತ್ತಿ ಹಿಡಿದು ಪಟ್ಟಿ ಬಿಚ್ಚಿದೆ, ಆಮೇಲೆ ಕೇಳಿದೆ, "ಹೇಳಮ್ಮ, ಯಾಕೆ ಅಷ್ಟು ಬಂತು?" ಅವಳು ಒಂದು ಕ್ಷಣ ಯೋಚನೆ ಮಾಡಿ, "ಬರೋ ದಾರಿ ತೆರೆದಿತ್ತು, ಹೋಗೋ ದಾರಿ ಕಟ್ಟಿತ್ತು ಸಿಸ್ಟರ್" ಅಂದ್ಲು.